ನೀರಿನಲ್ಲಿ ನಿಂತ ಕಾರಿಗೆ ಮತ್ತೆ ಕೀ ತಿರುಗಿಸಬೇಡಿ

ಜೂನ್ ಬಂತೆಂದರೆ ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲಿನ ರೈಲ್ವೆ ಅಂಡರ್‌ಪಾಸ್, ಎಲ್ಲ ಕಡೆ ಒಂದೇ ಕಥೆ. ಒಂದು ಗಂಟೆ ಜೋರು ಮಳೆ ಬಂದರೆ ರಸ್ತೆ ಯಾವುದು, ತೋಡು ಯಾವುದು ಗೊತ್ತಾಗುವುದಿಲ್ಲ. ಮುಂದಿನ ಬಸ್ಸು ಹೋಯಿತಲ್ಲ, ನಾವೂ ಹೋಗುವ ಎಂದು ಕಾರು ನುಗ್ಗಿಸುತ್ತಾರೆ. ನಡು ನೀರಿನಲ್ಲಿ ಗಾಡಿ ಗಕ್ಕನೆ ಆಫ್. ಹಿಂದಿನಿಂದ ಹಾರ್ನ್. ಗಾಬರಿಯಲ್ಲಿ ಮತ್ತೆ ಕೀ ತಿರುಗಿಸುತ್ತಾರೆ. ಎಂಜಿನ್ ಹೋಗುವುದು ಹೆಚ್ಚಾಗಿ ಈ ಎರಡನೇ ಸಲದಲ್ಲಿ.

ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ನೀರು ಒಳಗೆ ಹೋಗುತ್ತದೆ. ಗಾಳಿಯನ್ನು ಪಿಸ್ಟನ್ ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಆಗ ಪಿಸ್ಟನ್ನಿನ ಕೆಳಗಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಕೆಲವೊಮ್ಮೆ ತುಂಡಾಗಿ ಬ್ಲಾಕನ್ನೇ ಒಡೆದು ಹೊರಗೆ ಬರುವುದೂ ಉಂಟು. ಡೀಸೆಲ್ ಗಾಡಿಯಲ್ಲಿ ಒತ್ತಡ ಹೆಚ್ಚು, ಸ್ವಲ್ಪ ನೀರು ಹೋದರೂ ಸಾಕು. ಆದ್ದರಿಂದ ಮತ್ತೆ ಸ್ಟಾರ್ಟ್ ಮಾಡದೆ, ನಾಲ್ಕು ಜನ ಸೇರಿ ಗಾಡಿ ತಳ್ಳಿ. ತಳ್ಳುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ತಳ್ಳಿ ಸ್ಟಾರ್ಟ್ ಮಾಡುವ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದೂ ಕೀ ತಿರುಗಿಸಿದ ಹಾಗೆಯೇ.

ಇನ್ನು ಗ್ಯಾರೇಜು. ನಮ್ಮಲ್ಲಿ ಗಾಡಿಯ ಯಜಮಾನ ದಮ್ಮಾಮಿನಲ್ಲೋ ದುಬೈಯಲ್ಲೋ ಇರುತ್ತಾನೆ, ಗ್ಯಾರೇಜಿನ ಮುಂದೆ ನಿಲ್ಲುವುದು ಮನೆಯ ಹೆಂಗಸು ಅಥವಾ ವಯಸ್ಸಾದ ಬಾಪ. ಕಳೆದ ಮಳೆಗಾಲದಲ್ಲಿ ನೆರೆಮನೆಯವರಿಗೆ ಹೀಗೇ ಆಯಿತು. ಒಂದು ಗ್ಯಾರೇಜಿನಿಂದ ಗಂಡನಿಗೆ ವಾಯ್ಸ್ ಮೆಸೇಜ್: "ಎಂಜಿನ್ ಫುಲ್ ಹೋಗಿದೆ, ಬಿಚ್ಚಿ ಆಗಿದೆ, ಒಂದೂವರೆ ಲಕ್ಷ ಬೇಕು." ಅಲ್ಲಿಂದ ಅವನು ಏನು ನೋಡುವುದು? ಆಕೆ ನನ್ನನ್ನು ಕರೆದು "ಉಸ್ತಾದರೇ, ಒಮ್ಮೆ ಬನ್ನಿ" ಎಂದರು. ಹೋಗಿ ಬಿಚ್ಚಿದ ಸಾಮಾನು ತೋರಿಸಿ ಎಂದೆವು. ನಾಲ್ಕು ರಾಡುಗಳಲ್ಲಿ ಬಗ್ಗಿದ್ದು ಒಂದು. ಬೋರಿನಲ್ಲಿ ಗೀರು ಇರಲಿಲ್ಲ. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ನೋಡಿ, ಆ ರಾಡು, ಬೇರಿಂಗು, ಗ್ಯಾಸ್ಕೆಟ್, ಆಯಿಲ್ ಹಾಕಿದರೆ ಸಾಕು ಎಂದ. ಖರ್ಚು ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. ಆದರೆ ಇನ್ಶೂರೆನ್ಸ್ ಸಿಗಲಿಲ್ಲ. ಸರ್ವೇಯರ್ ನೋಡುವ ಮೊದಲೇ ಎಂಜಿನ್ ಬಿಚ್ಚಿದ್ದರು.

ಎಲ್ಲ ಗ್ಯಾರೇಜಿನವರೂ ಹಾಗಲ್ಲ. ನಮ್ಮ ಹುಡುಗರೇ ಎಷ್ಟೋ ಮಂದಿ ಮೈಯೆಲ್ಲ ಗ್ರೀಸ್ ಮಾಡಿಕೊಂಡು ಹಲಾಲ್ ದುಡಿಮೆ ಮಾಡುತ್ತಿದ್ದಾರೆ. ಒಳ್ಳೆಯ ಮೆಕ್ಯಾನಿಕ್ ಒಮ್ಮೆಲೇ ಎಂಜಿನ್ ಇಳಿಸುವುದಿಲ್ಲ. ಮೊದಲು ಏರ್ ಫಿಲ್ಟರ್ ಒದ್ದೆಯಾಗಿದೆಯಾ ನೋಡುತ್ತಾನೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ಹಾಲು ಹಾಕಿದ ಚಾಯದ ಬಣ್ಣಕ್ಕೆ ತಿರುಗಿದೆಯಾ ನೋಡುತ್ತಾನೆ. ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ತೆಗೆದು, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಗೆ ಹಾಕುತ್ತಾನೆ. ಆಮೇಲೆ ಕಂಪ್ರೆಷನ್ ಚೆಕ್. ಕೀ ತಿರುಗಿಸದ ಗಾಡಿ ಎಷ್ಟೋ ಸಲ ಇಷ್ಟರಲ್ಲೇ ಸರಿಯಾಗುತ್ತದೆ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದರೆ ಆಯಿತು.

ಇನ್ಶೂರೆನ್ಸ್ ವಿಷಯ ಸ್ವಲ್ಪ ಗಮನಿಸಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ನಮ್ಮ ಕಾರಿಗೆ ಏನೂ ಇಲ್ಲ. ಫುಲ್ ಇನ್ಶೂರೆನ್ಸ್ ಇದ್ದರೂ, ನೀರಿನಲ್ಲಿ ಮತ್ತೆ ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದದ್ದಕ್ಕೆ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಷನ್ ಎಂಬ ಆಡ್-ಆನ್ ಬೇರೆ ಉಂಟು, ಅದರ ಷರತ್ತನ್ನೂ ಓದಿ ತೆಗೆದುಕೊಳ್ಳಬೇಕು. ಗಾಡಿ ನಿಂತ ಜಾಗದಲ್ಲೇ ನೀರಿನ ಮಟ್ಟ ಕಾಣುವ ಹಾಗೆ ಫೋಟೋ ತೆಗೆಯಿರಿ. ಕಂಪನಿಗೆ ಫೋನ್ ಮಾಡಿ. ಸರ್ವೇಯರ್ ಬರುವ ತನಕ ಒಂದು ಬೋಲ್ಟೂ ಬಿಚ್ಚಿಸಬೇಡಿ.

ಗ್ಯಾರೇಜಿಗೆ ಬಿಟ್ಟ ಗಾಡಿ ಅಮಾನತ್ ಹೌದು, ಹಾಗೆಂದು ಬಾಯಿಮಾತು ಸಾಕಾಗುವುದಿಲ್ಲ. ಜಾಬ್ ಕಾರ್ಡ್, ಎಸ್ಟಿಮೇಟ್ ಕೈಯಲ್ಲಿರಲಿ. ಎಸ್ಟಿಮೇಟ್‌ಗಿಂತ ಹೆಚ್ಚು ಕೆಲಸ ಬಂದರೆ ಮೊದಲು ಕೇಳಿಯೇ ಮಾಡಬೇಕು ಎಂದು ಹೇಳಿಡಿ. ಹಳೆಯ ಪಾರ್ಟ್ಸ್ ವಾಪಸ್ ಕೇಳಿ, ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಮುಂದೆ ದೂರು ಕೊಡಲು ಕಷ್ಟ.

ಮೋಸ ಆಗಿದೆ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ.