ಗಡಿಯೂರುಗಳ ಊಟ, ಗಡಿಯೂರುಗಳ ಮಾತು

ಕಚೇರಿಯ ಭಾಷೆ ಯಾವುದೆಂದು ಸರಕಾರ ಗೊತ್ತು ಮಾಡುತ್ತದೆ. ಶಾಲೆಯ ಭಾಷೆಯನ್ನು ಇಲಾಖೆ ಗೊತ್ತು ಮಾಡುತ್ತದೆ. ಆದರೆ ಹೋಟೆಲಿನ ಬೆಂಚಿನ ಮೇಲೆ ಕುಳಿತು ಚಹಾ ಕೇಳುವಾಗ ಯಾವ ಭಾಷೆಯಲ್ಲಿ ಕೇಳಬೇಕೆಂದು ನಮಗೆ ಯಾರೂ ಆಜ್ಞೆ ಮಾಡಿಲ್ಲ. ಅದನ್ನು ಗೊತ್ತು ಮಾಡುವವರು ನಾವೇ. ಆದುದರಿಂದ ಭಾಷಾ ಅಲ್ಪಸಂಖ್ಯಾತರಾಗಿ ಬಾಳುವವರು ಪರವೂರಿಗೆ ಹೋದಾಗ ಅಲ್ಲಿನ ಹೋಟೆಲು, ಖಾನಾವಳಿ, ಚಹಾದಂಗಡಿಗಳಲ್ಲಿ ಹೊಟ್ಟೆಯ ಜತೆಗೆ ಕಿವಿಯನ್ನೂ ಸ್ವಲ್ಪ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಎಂಬ ಮೂರು ಸಣ್ಣ ಪಟ್ಟಣಗಳಲ್ಲಿ ಉಂಡದ್ದು, ಕಂಡದ್ದು, ಕೇಳಿದ್ದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಒಂದೇ ದಿನ ಬಿದ್ದ ಗೆರೆ

ಈ ಊರುಗಳ ಹೆಸರು ನಮ್ಮ ಕಡೆಯ ಹೆಂಗಸರಿಗೆ ಹೊಸದೇನಲ್ಲ. ನಾರಾಯಣಪೇಟೆ ಸೀರೆ, ಗದ್ವಾಲ್ ಸೀರೆ ನಮ್ಮ ಅಂಗಡಿಗಳಲ್ಲೂ ಸಿಗುತ್ತವೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸಿ ನೇಯುವುದು ಗದ್ವಾಲಿನ ನೇಕಾರರ ಹೆಚ್ಚುಗಾರಿಕೆ. ಆದರೆ ಸೀರೆಗಿಂತಲೂ ಹತ್ತಿರದ ಒಂದು ನಂಟು ನಮಗೂ ಆ ಊರುಗಳಿಗೂ ಇದೆ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಬೇರ್ಪಟ್ಟು ಕೇರಳಕ್ಕೆ ಹೋಯಿತು. ಇದು ನಮ್ಮ ಮಕ್ಕಳಿಗೂ ಗೊತ್ತು. ಅದೇ ದಿನ, ಅದೇ ಕಾನೂನಿನಂತೆ, ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ ಮೈಸೂರಿಗೆ ಬಂದಿತು; ಆದರೆ ಆ ಜಿಲ್ಲೆಯ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಮಾತ್ರ ಆಂಧ್ರಕ್ಕೆ ಸೇರಿದವು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲೂಕುಗಳೂ ಹಾಗೆಯೇ ಹೋದವು. ಮಕ್ತಲ್ ಮತ್ತು ನಾರಾಯಣಪೇಟೆಗಳು ಮೊದಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ಆ ಜಿಲ್ಲೆ ಇಡಿಯಾಗಿ ಆಂಧ್ರಕ್ಕೆ ಸೇರಿತು. 2014ರ ಜೂನ್ 2ರಿಂದ ಅವೆಲ್ಲ ತೆಲಂಗಾಣ. 2016ರಲ್ಲಿ ಜೋಗುಳಾಂಬಾ ಗದ್ವಾಲ್ ಪ್ರತ್ಯೇಕ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆಯೂ ಆಯಿತು. ಹೀಗೆ ಗದ್ವಾಲಿನ ಒಬ್ಬ ಮುದುಕ ಮನೆಯ ಜಗಲಿ ಬಿಟ್ಟು ಕದಲದೆಯೇ ಮೂರು ರಾಜ್ಯಗಳ, ಮೂರು ಜಿಲ್ಲೆಗಳ ಪ್ರಜೆಯಾಗಿದ್ದಾನೆ. ಕಾಸರಗೋಡಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆಂಗಿಲ್ಲದ ಸೀಮೆಯ ಅಡುಗೆ

ಮೊದಲು ಊಟದ ವಿಷಯ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಅಲ್ಲಿ ಅದರ ಐದರಲ್ಲೊಂದು ಪಾಲು ಬಿದ್ದರೆ ರೈತ ನೆಮ್ಮದಿಯಿಂದಿರುತ್ತಾನೆ. ಕೃಷ್ಣೆ ಪಕ್ಕದಲ್ಲೇ ಹರಿದರೂ ಕಾಲುವೆ ಮುಟ್ಟದ ಹೊಲಗಳಲ್ಲಿ ಬೆಳೆಯುವುದು ಜೋಳ, ತೊಗರಿ, ಶೇಂಗಾ. ಆದ್ದರಿಂದ ಅಲ್ಲಿಯ ತಟ್ಟೆಯಲ್ಲಿ ಕುಚ್ಚಲಕ್ಕಿಯೂ ಇಲ್ಲ, ತೆಂಗಿನಕಾಯಿಯೂ ಇಲ್ಲ. ಇಡ್ಲಿಯ ಜತೆಗೆ ಬಟ್ಟಲಿಗೆ ಬೀಳುವುದು ಶೇಂಗಾದ ಚಟ್ನಿ. ತೆಂಗಿನ ಚಟ್ನಿಗೆ ಒಗ್ಗಿದ ನಾಲಗೆ ಮೊದಲ ದಿನ ಸ್ವಲ್ಪ ಮುನಿಸಿಕೊಳ್ಳುತ್ತದೆ. ಮೂರನೆಯ ದಿನ ಇನ್ನೊಂದು ಚಮಚೆ ಕೇಳುತ್ತದೆ.

ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿಯೇ ಪ್ರಧಾನ. ಕೈಯಲ್ಲಿ ತಟ್ಟಿ, ಕಾದ ಹೆಂಚಿನ ಮೇಲೆ ನೀರು ಸವರಿ ಬೇಯಿಸಿದ ರೊಟ್ಟಿ ಬಿಸಿಯಿದ್ದಾಗ ಮೆತ್ತಗೆ. ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕೂಲಿ ಅರಸಿಕೊಂಡು ದೂರದ ಊರುಗಳಿಗೆ ಹೋಗುವವರ ಗಂಟಿನಲ್ಲಿ ಅದೇ ಬುತ್ತಿ. ಮಹಬೂಬನಗರದ ಹಳೆಯ ಹೆಸರು ಪಾಲಮೂರು. ಪಾಲಮೂರಿನ ಕೂಲಿಗಳು ದೇಶದ ಅಣೆಕಟ್ಟುಗಳನ್ನೂ ಕಟ್ಟಡಗಳನ್ನೂ ಕಟ್ಟಿದವರೆಂಬುದು ಪ್ರಸಿದ್ಧ. ನಮ್ಮವರು ಗಲ್ಫಿಗೆ ಹೋದಂತೆ ಅವರು ಮುಂಬಯಿ, ಪುಣೆಗಳಿಗೆ ಹೋದರು.

ರೊಟ್ಟಿಯ ಜತೆಗೆ ಪುಂಡಿಪಲ್ಯ. ಪುಂಡಿ ಎಂದರೆ ನಮಗೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ. ಅಲ್ಲಿ ಅದು ಹುಳಿ ಸೊಪ್ಪು. ಆಂಧ್ರದವರು ಗೋಂಗೂರ ಎನ್ನುವುದು ಇದನ್ನೇ. ರಾಯಚೂರಿನ ಮನೆಯಲ್ಲಿ ಪುಂಡಿಪಲ್ಯವಾಗಿರುವುದು ತೆಲಂಗಾಣದ ತೆಲುಗರ ಮನೆಯಲ್ಲಿ ಪುಂಟಿಕೂರ. ಬೆಳಗಿನ ತಿಂಡಿಗೂ ಇದೇ ಮಾತು. ನೆನೆಸಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಅರಸಿನ ಹಾಕಿ ಕಲಸಿದ್ದನ್ನು ರಾಯಚೂರಿನವರು ಒಗ್ಗರಣೆ ಎಂದೇ ಕರೆದು, ಮೆಣಸಿನಕಾಯಿ ಬಜ್ಜಿಯೊಡನೆ ತಿನ್ನುತ್ತಾರೆ. ಹೊಳೆ ದಾಟಿದರೆ ಅದೇ ತಿಂಡಿ, ಅದೇ ಬಜ್ಜಿ, ಹೆಸರು ಉಗ್ಗಾನಿ. ನಮ್ಮ ಗುಳಿಯಪ್ಪದ ಅಣ್ಣತಮ್ಮನಂತಿರುವ ಖಾರದ ತಿಂಡಿ ಒಂದು ಬೋರ್ಡಿನಲ್ಲಿ ಪಡ್ಡು, ಇನ್ನೊಂದರಲ್ಲಿ ಪೊಂಗನಾಲು. ಗಡಿಯ ಗೆರೆ ಎಳೆದವರು ನಕಾಶೆಯನ್ನು ನೋಡಿದರೇ ಹೊರತು ಒಲೆಯ ಮೇಲಿನ ಬಾಣಲೆಯನ್ನು ನೋಡಲಿಲ್ಲ.

ಮೀನು ಪ್ರಿಯರು ನಿರಾಶರಾಗಬೇಕಾಗಿಲ್ಲ. ಗದ್ವಾಲಿನ ಹತ್ತಿರ ಕೃಷ್ಣೆಗೆ ಕಟ್ಟಿದ ಜೂರಾಲ ಅಣೆಕಟ್ಟಿನ ಬಳಿ ಹೊಳೆಮೀನು ಹುರಿದು ಕೊಡುವ ಅಂಗಡಿಗಳಿವೆ. ಬಂಗುಡೆ, ಬೂತಾಯಿಗಳ ರುಚಿ ಹಿಡಿದವರಿಗೆ ಹೊಳೆಮೀನು ಸಪ್ಪೆಯೆನಿಸಬಹುದು. ಅಲ್ಲಿಯ ಖಾರ ಆ ಕೊರತೆಯನ್ನು ತುಂಬಿಕೊಡುತ್ತದೆ, ಕಣ್ಣಲ್ಲಿ ನೀರನ್ನೂ ತುಂಬಿಸುತ್ತದೆ.

ಬಾಡಿಗೆ ಮನೆ, ಬಸ್‌ಸ್ಟ್ಯಾಂಡು, ರೈಲು

ಇಂತಹ ಊರಲ್ಲಿ ವಾಸ ಹೇಗೆ? ನೌಕರಿಯ ಮೇಲೆ ಅಲ್ಲಿಗೆ ಹೋಗುವ ನಮ್ಮ ಕಡೆಯ ಯುವಕರು ಮೊದಲು ಸೋಲುವುದು ಬೇಸಗೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮನೆಗಳಿಗೆ ಹಂಚಿನ ಮಾಡಿಲ್ಲ, ಸಪಾಟಾದ ಮಾಳಿಗೆ. ನೆಲಕ್ಕೆ ತಾಂಡೂರು, ಶಹಾಬಾದಿನ ಹಾಸುಗಲ್ಲು. ಬೇಸಗೆಯ ರಾತ್ರಿ ಮಾಳಿಗೆಯ ಮೇಲೆ ಚಾಪೆ ಹಾಸಿ ಮಲಗುವ ವಾಡಿಕೆ ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಪಡಸಾಲೆಯಲ್ಲಿ ಮಳೆಯ ಸದ್ದು ಹೇಗೋ ಅಲ್ಲಿಯ ಮಾಳಿಗೆಯಲ್ಲಿ ನೆರೆಹೊರೆಯ ಹರಟೆ ಹಾಗೆ.

ಊರು ಸಣ್ಣದು, ಹತ್ತು ದಿನದಲ್ಲಿ ಹೋಟೆಲಿನವನು ನಮ್ಮ ಮುಖ ಹಿಡಿಯುತ್ತಾನೆ, ಹದಿನೈದು ದಿನದಲ್ಲಿ ನಮ್ಮ ಊರು ಯಾವುದೆಂದು ಕೇಳುತ್ತಾನೆ. ನಾರಾಯಣಪೇಟೆಯ ಬಸ್‌ಸ್ಟ್ಯಾಂಡಿಗೆ ರಾಯಚೂರು, ಯಾದಗಿರಿ ಕಡೆಯಿಂದ ಬರುವ ಬಸ್ಸುಗಳ ಹಣೆಯ ಮೇಲೆ ಕನ್ನಡ ಫಲಕವಿರುತ್ತದೆ. ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ಹೋಗುವ ದತ್ತಭಕ್ತರು ಮಕ್ತಲಿನ ದಾರಿಯನ್ನೂ ಹಿಡಿಯುತ್ತಾರೆ. ಗದ್ವಾಲಿನಿಂದ ರಾಯಚೂರಿಗೆ ಸುಮಾರು 60 ಕಿಲೋಮೀಟರಿನ ರೈಲುದಾರಿ 2013ರಲ್ಲಿ ತೆರೆಯಿತು. ಮಕ್ತಲನ್ನು ಹಾದು ಕೃಷ್ಣಾ ನಿಲ್ದಾಣದವರೆಗಿನ ಹೊಸ ಮಾರ್ಗ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾಗಿ, ಕಾಚಿಗುಡ-ರಾಯಚೂರು ರೈಲು ಆ ದಾರಿಯಲ್ಲಿ ಓಡತೊಡಗಿತು. ಅಷ್ಟೇ ಏಕೆ, ಕಾಚಿಗುಡದಿಂದ ಮಂಗಳೂರಿನತ್ತ ಬರುವ ರೈಲು ಗದ್ವಾಲನ್ನು ಹಾದು, ತಮಿಳುನಾಡು, ಕೇರಳಗಳನ್ನು ಸುತ್ತಿ, ನಮ್ಮ ಕಾಸರಗೋಡಿನ ಮೂಲಕವೇ ಮಂಗಳೂರು ಸೇರುತ್ತದೆ. ಗಡಿಯಾಚೆಯ ಎರಡು ಕನ್ನಡ ನೆಲಗಳನ್ನು ಒಂದೇ ರೈಲು ಪೋಣಿಸುತ್ತದೆಂಬುದು ಸಣ್ಣ ಸಂತೋಷವಲ್ಲ.

ಬಾಯಲ್ಲಿದೆ, ಬೋರ್ಡಿನಲ್ಲಿಲ್ಲ

ಈಗ ಮಾತಿನ ವಿಷಯ. ಮಕ್ತಲಿನ ಒಂದು ಖಾನಾವಳಿಯಲ್ಲಿ ನಾವು ಕನ್ನಡದಲ್ಲೇ ರೊಟ್ಟಿ ಬಿಸಿಯಿದೆಯೇ ಎಂದು ಕೇಳಿದೆವು. "ಅದಾವ್ರೀ ಸರ, ಕುಂದರ್ರಿ" ಎಂದು ಮಾಣಿ ತಡವರಿಸದೆ ಉತ್ತರ ಕೊಟ್ಟ. ಒಳಗೆ ತಿರುಗಿ ತೆಲುಗಿನಲ್ಲಿ ರೊಟ್ಟಿ ಹೇಳಿದ. ಪಕ್ಕದ ಮೇಜಿನವರೊಡನೆ ಉರ್ದುವಿನಲ್ಲಿ ಲೆಕ್ಕ ಚುಕ್ತಾ ಮಾಡಿದ. ನಾರಾಯಣಪೇಟೆಯಲ್ಲಾದರೆ ಇವುಗಳ ಜತೆಗೆ ಮರಾಠಿಯೂ ಕಿವಿಗೆ ಬೀಳುತ್ತದೆ. ಯಾರಿಗೂ ಇದೊಂದು ಸಾಹಸವೆನಿಸುವುದಿಲ್ಲ. ಸಂತೆಗೆ ಬರುವ ಹಳ್ಳಿಯವನ ಮಾತು ಬಾರದಿದ್ದರೆ ವ್ಯಾಪಾರ ನಡೆಯದು. ಆದ್ದರಿಂದ ಎಲ್ಲರ ಮಾತೂ ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ.

ಆದರೆ ಗೋಡೆಯ ಮೇಲಿನ ತಿಂಡಿಪಟ್ಟಿಯಲ್ಲಿ ತೆಲುಗು ಮತ್ತು ಇಂಗ್ಲಿಷು ಮಾತ್ರ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮಡಿಸಿಟ್ಟ ಪತ್ರಿಕೆಯೂ ತೆಲುಗಿನದೇ. ಕೃಷ್ಣಾ, ಮಾಗನೂರು ಮಂಡಲಗಳ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬಹಳ. ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಆ ಭಾಗದಲ್ಲಿವೆ. ಆ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗ ಪೇಟೆಗೆ ಬಂದರೆ ಅವನ ಅಕ್ಷರ ಎಲ್ಲಿಯೂ ಕಾಣಿಸದು. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು; ಅವನು ಹೇಗೋ ತೆಲುಗಿನ ಬೋರ್ಡನ್ನು ಓದಿಕೊಳ್ಳುತ್ತಾನೆ. ಓದಿಕೊಳ್ಳುವುದು ಸುಲಭವಾದಷ್ಟೂ ತನ್ನದನ್ನು ಬಿಡುವುದೂ ಸುಲಭವಾಗುತ್ತದೆ.

ಅದೇ ಖಾನಾವಳಿಯ ಆಚೆ ಮೇಜಿನಲ್ಲಿ ಒಂದು ಕುಟುಂಬ ಊಟ ಮಾಡುತ್ತಿತ್ತು. "ಇನ್ನೊಂದು ರೊಟ್ಟಿ ಹಾಕ್ಕೋ ಕಂದಾ" ಎಂದಳು ಅಜ್ಜಿ. "ವದ್ದು" ಎಂದ ಮೊಮ್ಮಗ. ಬೇಡ ಎಂಬುದಕ್ಕೆ ತೆಲುಗಿನ ಮಾತು ಅದು. ಅಜ್ಜಿಗೂ ಅರ್ಥವಾಯಿತು, ಮೊಮ್ಮಗನಿಗೂ ಅರ್ಥವಾಗಿತ್ತು. ಊಟ ಎಂದಿನಂತೆ ಸಾಗಿತು. ಒಂದು ಮನೆಯಲ್ಲಿ ಭಾಷೆ ಬದಲಾಗುವುದು ಹೀಗೆ, ಜಗಳವಿಲ್ಲದೆ, ಎರಡು ತುತ್ತುಗಳ ನಡುವೆ.

ನಮ್ಮ ಮೇಜಿನ ಸಂಗತಿ

ನಮ್ಮಲ್ಲಿ ಸ್ಥಿತಿ ಇದಕ್ಕೆ ತಿರುವುಮುರುವು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡ ಶಾಲೆಗಳಿವೆ, ಪತ್ರಿಕೆಗಳಿವೆ, ಯಕ್ಷಗಾನದ ಕರಪತ್ರಗಳಿವೆ, ಅಂಗಡಿಗಳ ಮೇಲೆ ಅಲ್ಲಲ್ಲಿ ಕನ್ನಡ ಅಕ್ಷರಗಳೂ ಇವೆ. ಅಕ್ಷರ ಉಳಿದಿದೆ, ಹೋಟೆಲಿನೊಳಗೆ ಕಾಲಿಟ್ಟೊಡನೆ ನಾಲಗೆ ಮಾತ್ರ ಹಿಂಜರಿಯುತ್ತದೆ. ಮಾಣಿ ಕನ್ನಡ ಬಲ್ಲವನೋ ಅಲ್ಲವೋ ಎಂದು ವಿಚಾರಿಸುವ ಮೊದಲೇ ನಾವು ಮಲಯಾಳಕ್ಕೆ ಹೊರಳಿರುತ್ತೇವೆ. ಕೆಲವೊಮ್ಮೆ ಆ ಮಾಣಿ ಪುತ್ತೂರಿನವನೋ ಬಂಟ್ವಾಳದವನೋ ಆಗಿರುತ್ತಾನೆ! ನಮ್ಮ ಮಕ್ಕಳು ಒಂದು ಹೆಜ್ಜೆ ಮುಂದೆ ಹೋಗಿ ಇಂಗ್ಲಿಷಿನಲ್ಲಿ ಕೇಳುತ್ತಾರೆ. ಮಂದಿ, ಬಿರಿಯಾನಿ, ಪೊರೋಟ ಇಂದು ಕಾಸರಗೋಡಿನಲ್ಲೂ ಸಿಗುತ್ತವೆ, ಗದ್ವಾಲಿನಲ್ಲೂ ಸಿಗುತ್ತವೆ. ಹಣವನ್ನು ಎರಡೂ ಕಡೆ ಮೊಬೈಲಿನಲ್ಲೇ ಕೊಡುತ್ತೇವೆ. ಮಾತನಾಡದೆಯೇ ಉಂಡು ಏಳುವ ಕಾಲ ಬರುತ್ತಿದೆ. ಹಾಗಿರುವಾಗ ಇರುವ ಎರಡು ಮಾತನ್ನಾದರೂ ನಮ್ಮದರಲ್ಲಿ ಆಡಬೇಡವೇ?

ರಾಜ್ಯಭಾಷೆಯನ್ನು ಕಲಿಯುವುದಕ್ಕೆ ನಮ್ಮ ವಿರೋಧವಿಲ್ಲ. ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸುವ ಕಾನೂನು ಕೇರಳದಲ್ಲಿ 2017ರಲ್ಲಿ ಬಂದಿತು. ತೆಲುಗನ್ನು ಕಡ್ಡಾಯಗೊಳಿಸುವ ಕಾನೂನು ತೆಲಂಗಾಣದಲ್ಲಿ 2018ರಲ್ಲಿ ಬಂದಿತು. ನೆರೆಯವನ ಭಾಷೆ ಬಂದರೆ ಬದುಕು ಹಗುರವಾಗುತ್ತದೆ. ಮಕ್ತಲಿನ ಆ ಮಾಣಿಯೇ ಇದಕ್ಕೆ ಸಾಕ್ಷಿ. ಆದರೆ ಪ್ರಾಥಮಿಕ ಹಂತದಲ್ಲಿ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯವಿರಬೇಕೆಂದು ಸಂವಿಧಾನದ 350ಎ ವಿಧಿಯೂ ಹೇಳಿದೆ. ಆ ವಿಧಿ ಸೇರಿದ್ದೂ 1956ರಲ್ಲಿಯೇ. ಶಾಲೆಯೊಳಗೆ ವಿಧಿ ನಮ್ಮ ಕೈ ಹಿಡಿದೀತು. ಶಾಲೆಯ ಗೇಟಿನಿಂದ ಹೊರಗೆ, ಬೇಕರಿಯ ಎದುರು, ಹೋಟೆಲಿನ ಮೇಜಿನ ಮುಂದೆ ನಮ್ಮ ಕೈಯನ್ನು ನಾವೇ ಹಿಡಿದುಕೊಳ್ಳಬೇಕು. ಪಾಠಪುಸ್ತಕದಲ್ಲಿ ಮಾತ್ರ ಇರುವ ಭಾಷೆಯನ್ನು ಮಕ್ಕಳು ಪರೀಕ್ಷೆ ಮುಗಿದ ದಿನ ಪುಸ್ತಕದ ಜತೆಗೇ ಅಟ್ಟಕ್ಕೆ ಹಾಕುವುದನ್ನು ತರಗತಿಯಲ್ಲಿ ನಿಲ್ಲುವ ನಾವು ವರ್ಷವರ್ಷವೂ ಕಾಣುತ್ತಿದ್ದೇವೆ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಭಾನುವಾರ ಮನೆಮಂದಿ ಹೊರಗೆ ಊಟಕ್ಕೆ ಹೋದಾಗ ತಿಂಡಿ ಹೇಳುವ ಕೆಲಸವನ್ನು ಮಕ್ಕಳಿಗೆ ಬಿಡೋಣ, ಕನ್ನಡದಲ್ಲಿ ಹೇಳಲು ಬಿಡೋಣ. ಮಾಣಿಗೆ ತಿಳಿಯದಿದ್ದರೆ ಮಲಯಾಳದಲ್ಲಿ ನಗುತ್ತಾ ಇನ್ನೊಮ್ಮೆ ಹೇಳಲಿ. ಅದರಿಂದ ಯಾರ ಮರ್ಯಾದೆಯೂ ಕುಂದದು. ನಮ್ಮವರೇ ನಡೆಸುವ ಹೋಟೆಲುಗಳು ಈ ಎರಡು ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಅವರು ತಿಂಡಿಪಟ್ಟಿಯಲ್ಲಿ ಮಲಯಾಳದ ಕೆಳಗೆ ಕನ್ನಡದ ಒಂದು ಸಾಲನ್ನೂ ಬರೆಸಲಿ, ಮೇಜಿನ ಮೇಲೆ ಒಂದು ಕನ್ನಡ ಪತ್ರಿಕೆಯನ್ನೂ ಹಾಕಲಿ. ಕೃಷ್ಣೆಯ ದಡದ ಕನ್ನಡಿಗರಿಗೆ ಅಕ್ಷರ ಬೇಕಾಗಿದೆ, ಚಂದ್ರಗಿರಿಯ ದಡದ ನಮಗೆ ಧೈರ್ಯ ಬೇಕಾಗಿದೆ. ಅಕ್ಷರಕ್ಕೆ ಸರಕಾರದ ಬಾಗಿಲು ತಟ್ಟಬೇಕಾಗಬಹುದು. ಧೈರ್ಯಕ್ಕೆ ಯಾವ ಅರ್ಜಿಯನ್ನೂ ಹಾಕಬೇಕಾಗಿಲ್ಲ. ಮುಂದಿನ ಭಾನುವಾರವೇ ಆರಂಭಿಸಬಹುದು.