ರಾಜಪ್ರತಿನಿಧಿಯಿಂದ ಪ್ರಜಾಪ್ರತಿನಿಧಿಯವರೆಗೆ

ಪುಣೆಯ ಸಮೀಪದ ತಳೇಗಾಂವ ದಾಭಾಡೆಯ ಹೆಸರಿನಲ್ಲಿಯೇ ಹಳೆಯ ರಾಜ್ಯವ್ಯವಸ್ಥೆಯ ಒಂದು ಸೂತ್ರವಡಗಿದೆ. 1717ರಲ್ಲಿ ಖಂಡೇರಾವ ದಾಭಾಡೆ ಛತ್ರಪತಿ ಶಾಹುವಿನ ಸೇನಾಪತಿಯಾದನು. ಆ ಪದವಿ ಮಗ ತ್ರ್ಯಂಬಕರಾವನಿಗೆ ಬಂದಿತು. 1731ರಲ್ಲಿ ಆತನು ಡಭೋಯಿಯಲ್ಲಿ ಮಡಿದ ಬಳಿಕ ಎಳೆಯ ತಮ್ಮ ಯಶವಂತರಾವನಿಗೆ ಸಂದಿತು. ಅದೇ ದರಬಾರಿನಲ್ಲಿ ‘ಪ್ರತಿನಿಧಿ’ಯೆಂಬ ಇನ್ನೊಂದು ವಂಶಪಾರಂಪರ್ಯ ಪದವಿಯಿದ್ದಿತು. ಅಲ್ಲಿ ಪ್ರತಿನಿಧಿಯೆಂದರೆ ರಾಜನ ಪರವಾಗಿ ನಿಂತವನು. ಪ್ರಜೆಗಳ ಪರವಾಗಿ ನಿಲ್ಲುವವನೆಂಬ ಅರ್ಥವು ಈ ಶಬ್ದಕ್ಕೆ ಬಂದುದು ಬಹು ತಡವಾಗಿ.

ಸಿಂಹಾಸನವಿರುವ ರಾಜ್ಯದಲ್ಲಿ ರಾಜಕೀಯ ಸಮಾನತೆ ಸಾಧ್ಯವೆ? ಇದಕ್ಕೆ ಮೂರು ಪರೀಕ್ಷೆಗಳುಂಟು. ಮತವು ಯಾರಿಗಿದೆ? ಎಲ್ಲರ ಮತದ ತೂಕ ಒಂದೆಯೆ? ಮಂತ್ರಿಗಳು ಉತ್ತರ ಹೇಳಬೇಕಾದುದು ಯಾರಿಗೆ? ಪಾಲು ಬಂಡವಾಳದ ಕಂಪನಿಯಲ್ಲಿ ಮತವು ಹಣವನ್ನು ಅನುಸರಿಸುತ್ತದೆ. ಸಹಕಾರ ಸಂಘದಲ್ಲಿ ಸದಸ್ಯನನ್ನು ಅನುಸರಿಸುತ್ತದೆ. ರಾಜ್ಯವು ಇವೆರಡರಲ್ಲಿ ಯಾವುದನ್ನು ಹೋಲುವುದೆಂಬುದೇ ಪ್ರಶ್ನೆಯ ತಿರುಳು.

ಮೈಸೂರಿನಲ್ಲಿ 1881ರಲ್ಲಿಯೇ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, ಪ್ರಜಾಪ್ರತಿನಿಧಿ ಸಭೆ ಸೇರಿತು. ಅದರ 144 ಸದಸ್ಯರು ಹೆಚ್ಚಾಗಿ ಭೂಮಾಲಿಕರು, ವರ್ತಕರು. 1891ರಿಂದ ಚುನಾವಣೆ ನಡೆಯಿತು. 1923ರ ಸುಧಾರಣೆಯಲ್ಲಿ ಸ್ತ್ರೀಯರೆಂಬ ಕಾರಣಕ್ಕಿದ್ದ ಅನರ್ಹತೆ ತೊಲಗಿತು. ಆದರೆ ಆಸ್ತಿಯ ಅರ್ಹತೆ ಉಳಿಯಿತು. ದಿವಾನರು ಉತ್ತರ ಹೇಳುತ್ತಿದ್ದುದು ಮಹಾರಾಜರಿಗೇ ಹೊರತು ಸಭೆಗಲ್ಲ. ಮೊದಲ ಪರೀಕ್ಷೆಯಲ್ಲಿ ಅರ್ಧ ಗೆದ್ದ ಮೈಸೂರು ಮೂರನೆಯದರಲ್ಲಿ ಸೋತಿತ್ತು.

ಆ ಮೂರನೆಯ ಹೆಜ್ಜೆಯನ್ನಿಟ್ಟುದು ಔಂಧವೆಂಬ ಪುಟ್ಟ ಸಂಸ್ಥಾನ. ಇಂದಿನ ವಿಜಯಪುರ ಜಿಲ್ಲೆಯ ಗುಣದಾಳ ಭಾಗವೂ ಅದಕ್ಕೆ ಸೇರಿದ್ದುದರಿಂದ ಕನ್ನಡಿಗರಿಗೂ ಅದರ ಕಥೆ ಪರಕೀಯವಲ್ಲ. ಆ ಹಳೆಯ ಪ್ರತಿನಿಧಿ ಮನೆತನದ ಭವಾನರಾವ್ ಪಂತ ಪ್ರತಿನಿಧಿಯವರು 1939ರ ಜನವರಿ 21ರಂದು ಹೊಸ ರಾಜ್ಯಾಂಗವನ್ನು ಜಾರಿಗೆ ತಂದರು. ಗಾಂಧೀಜಿಯವರ ಸಲಹೆ ಅದಕ್ಕಿದ್ದಿತು. ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ದುಡಿದಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ನರ ನೆರವೂ ದೊರೆಯಿತು. ಗ್ರಾಮ ಪಂಚಾಯತಿಯೇ ಅದರ ಬುಡ. ಅದರ ಮೇಲೆ ತಾಲೂಕು ಸಭೆ, ಅದರ ಮೇಲೆ ಶಾಸನಸಭೆ. ಮಂತ್ರಿಗಳು ಸಭೆಗೆ ಬಾಧ್ಯರು. ರಾಜಪ್ರತಿನಿಧಿಯ ವಂಶಜರೇ ಪ್ರಜಾಪ್ರತಿನಿಧಿಗಳಿಗೆ ಅಧಿಕಾರವನ್ನೊಪ್ಪಿಸಿದರು.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಅರಸನೊಬ್ಬನ ಔದಾರ್ಯದಿಂದ ಬಂದುದು ವರ, ಹಕ್ಕಲ್ಲ. ಮೈಸೂರಿನಲ್ಲಿ ಜವಾಬ್ದಾರಿ ಸರಕಾರವು 1947ರ ಅಕ್ಟೋಬರಿನಲ್ಲಿ, ‘ಮೈಸೂರು ಚಲೋ’ ಚಳವಳಿಯ ಬಳಿಕ, ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಬಂದಿತು. ಅದು ಜನರು ಕೇಳಿ ಪಡೆದುದು. ಇಂಗ್ಲೆಂಡಿನಲ್ಲಿ ಅರಸೊತ್ತಿಗೆ ಉಳಿದೂ 1928ರಲ್ಲಿ ಸ್ತ್ರೀಪುರುಷರ ಮತಾಧಿಕಾರ ಸಮವಾಯಿತು; ಒಬ್ಬನಿಗೆ ಎರಡು ಮತವೆಂಬ ಪದ್ಧತಿ 1948ರ ಕಾಯಿದೆಯಿಂದ ಅಳಿಯಿತು. ಕಿರೀಟವಿದ್ದೂ ಮತವು ಸಮವಾಗಬಹುದೆಂಬುದಕ್ಕೆ ಇದು ಸಾಕ್ಷಿ. ಆದರೆ ರಾಜ್ಯದ ಮೊದಲ ಪೀಠ ಅಲ್ಲಿ ಇಂದಿಗೂ ಹುಟ್ಟಿನಿಂದಲೇ ದೊರೆಯುತ್ತದೆ.

ಔಂಧವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1950ರ ಸಂವಿಧಾನವು ಗುಣದಾಳದ ರೈತನಿಗೂ ಮೈಸೂರಿನ ಮಹಾರಾಜರಿಗೂ ಒಂದೊಂದೇ ಮತವನ್ನು ಕೊಟ್ಟಿತು. 1971ರ ತಿದ್ದುಪಡಿಯಿಂದ ರಾಜಧನವೂ ರಾಜಪದವಿಯ ಮನ್ನಣೆಯೂ ಕೊನೆಗೊಂಡವು. ಅಲ್ಲಿಗೆ ಸಮಾನತೆಯು ಯಾರೊಬ್ಬರ ದಾನವೂ ಅಲ್ಲದಾಯಿತು. ಅದನ್ನು ಕಾಯುವ ಹೊಣೆಯೂ ಎಲ್ಲರದಾಯಿತು.