ಜಾಲಪುಟದ ಅಂಕಿಯನ್ನು ತುಂಬುವವರು ಯಾರು?

ಗ್ರಾಮ ಪಂಚಾಯತಿಗೆ ಜಾಲತಾಣ ಮಾಡಿಸುವ ವಿಷಯವು ಸಾಮಾನ್ಯ ಸಭೆಗೆ ಬಂದಾಗ ಚರ್ಚೆಯು ಬಹುತೇಕ ಛಾಯಾಚಿತ್ರ, ಬಣ್ಣ ಮತ್ತು ದರಪಟ್ಟಿಗಳಲ್ಲಿಯೇ ಮುಗಿಯುತ್ತದೆ. ಪುಟದಲ್ಲಿನ ಅಂಕಿಗಳನ್ನು ಯಾರು, ಯಾವಾಗ ತುಂಬುತ್ತಾರೆಂದು ಕೇಳುವವರು ವಿರಳ. ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಅನ್ವಯ ಆಯವ್ಯಯ, ಸಹಾಯಧನ ಯೋಜನೆಗಳ ಫಲಾನುಭವಿಗಳ ವಿವರ ಮುಂತಾದವನ್ನು ಪ್ರಕಟಿಸಿ ಪ್ರತಿ ವರ್ಷ ಪರಿಷ್ಕರಿಸಬೇಕಾಗಿರುವುದರಿಂದ ಈ ಪ್ರಶ್ನೆಯು ಸಣ್ಣದಲ್ಲ.

ಜಾಲಪುಟವನ್ನು ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲಿ ಬರೆಯುತ್ತಾರೆ. ಯಾವುದು ಶೀರ್ಷಿಕೆ, ಯಾವುದು ಕೋಷ್ಟಕ ಎಂದು ಅದು ಹೇಳಬಲ್ಲದು. ವಹಿಯನ್ನು ತೆರೆದು ಬಾಕಿಯನ್ನು ನೋಡಲಾರದು. ನಮ್ಮ ಕರ ಬೇಡಿಕೆ ನೋಟಿಸನ್ನೇ ತೆಗೆದುಕೊಳ್ಳಿ. ಮುದ್ರಿತ ನಮೂನೆಯಲ್ಲಿ ಹೆಸರು ಮತ್ತು ಮೊತ್ತದ ಜಾಗ ಖಾಲಿ ಇರುತ್ತದೆ. ಕರವಸೂಲಿಗಾರರು ಬೇಡಿಕೆ, ವಸೂಲಿ, ಬಾಕಿ ವಹಿಯನ್ನು ನೋಡಿ ಅದನ್ನು ತುಂಬುತ್ತಾರೆ. ಮನೆ ಮಾಲೀಕರ ಕೈಗೆ ತುಂಬಿದ ನೋಟಿಸು ತಲುಪುತ್ತದೆಯೇ ಹೊರತು ವಹಿಯಲ್ಲ.

ಜಾಲಪುಟದಲ್ಲಿ ಈ ತುಂಬುವ ಕೆಲಸವನ್ನು ಸರ್ವರ್ ಗಣಕದಲ್ಲಿ ನಡೆಯುವ ಸಂಕೇತವು ಮಾಡುತ್ತದೆ. ಇದಕ್ಕಾಗಿ ವ್ಯಾಪಕವಾಗಿ ಬಳಕೆಯಲ್ಲಿರುವ ಪಿಎಚ್‌ಪಿ ಭಾಷೆಯನ್ನು ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಬಿಡುಗಡೆ ಮಾಡಿದರು. ಎಚ್‌ಟಿಎಂಎಲ್ ಬರಹದ ನಡುವೆಯೇ ಕೋನಾವರಣ ಮತ್ತು ಪ್ರಶ್ನಾರ್ಥಕ ಚಿಹ್ನೆಗಳಿಂದ ಸುತ್ತುವರಿದು ಇದನ್ನು ಬರೆಯಬಹುದು. ಆ ಚಿಹ್ನೆಗಳ ಒಳಗಿರುವುದನ್ನು ಸರ್ವರ್ ಆದೇಶವೆಂದು ನೆರವೇರಿಸುತ್ತದೆ. ಹೊರಗಿರುವುದನ್ನು ಇದ್ದಂತೆಯೇ ಕಳುಹಿಸುತ್ತದೆ. ಕೋಷ್ಟಕದ ಒಂದು ಸಾಲನ್ನು ಒಮ್ಮೆ ಬರೆದರೆ ಸಾಕು, ದತ್ತಾಂಶದಲ್ಲಿ ನಾನೂರು ಖಾತೆಗಳಿದ್ದರೆ ನಾನೂರು ಸಾಲುಗಳು ಮೂಡುತ್ತವೆ.

ಇಷ್ಟು ಸುಲಭವಾಗಿ ಬೆರೆಯುವುದರಲ್ಲಿಯೇ ಅಪಾಯವೂ ಇದೆ. ನಾನು ಹಿಂದೆ ಕಾರ್ಯನಿರ್ವಹಿಸಿದ ಪಂಚಾಯತಿಯೊಂದರಲ್ಲಿ ತಾಣವನ್ನು ಬೇರೆ ಸರ್ವರ್‌ಗೆ ವರ್ಗಾಯಿಸಿದರು. ಹೊಸ ಸರ್ವರ್‌ನಲ್ಲಿ ಪಿಎಚ್‌ಪಿಯನ್ನು ಚಾಲನೆಗೊಳಿಸಿರಲಿಲ್ಲ. ಪರಿಣಾಮವಾಗಿ ಸಂಕೇತವು ನೆರವೇರದೆ ಬರಹವಾಗಿಯೇ ಹೊರಬಂದಿತು. ಅದರೊಳಗೆ ಬರೆದಿಟ್ಟಿದ್ದ ದತ್ತಾಂಶದ ಗುಪ್ತಪದವೂ ಜೊತೆಗೆ ಬಂದಿತು. ನೋಟಿಸಿನೊಂದಿಗೆ ಬೀರುವಿನ ಕೀಲಿಯನ್ನೂ ಕಳುಹಿಸಿದಂತಾಯಿತು. ಗುಪ್ತಪದವನ್ನು ಸಾರ್ವಜನಿಕರಿಗೆ ತೆರೆದಿರುವ ಕಡತಕೋಶದ ಹೊರಗೆ ಪ್ರತ್ಯೇಕವಾಗಿ ಇಟ್ಟಿದ್ದರೆ ಅದು ಬಯಲಾಗುತ್ತಿರಲಿಲ್ಲ.

ದೂರು ನಮೂನೆಯಿರುವ ಪುಟಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಕಿಡಿಗೇಡಿಯೊಬ್ಬನು ದೂರಿನ ಜಾಗದಲ್ಲಿ ದುರುದ್ದೇಶದ ಸಂಕೇತವನ್ನು ಬರೆದನೆಂದುಕೊಳ್ಳಿ. ಅದನ್ನು ಹಾಗೆಯೇ ಪುಟದೊಳಗೆ ಸೇರಿಸಿದರೆ ಪುಟ ನೋಡುವ ಎಲ್ಲರ ಗಣಕದಲ್ಲಿಯೂ ಅದು ನಡೆಯುತ್ತದೆ. ಕೋನಾವರಣ ಮುಂತಾದ ಚಿಹ್ನೆಗಳನ್ನು ನಿರುಪದ್ರವಿ ರೂಪಕ್ಕೆ ಬದಲಿಸುವ ಸೌಲಭ್ಯ ಪಿಎಚ್‌ಪಿಯಲ್ಲಿಯೇ ಇದೆ, ತಯಾರಕರು ಅದನ್ನು ಬಳಸಬೇಕಷ್ಟೆ. ಬಿಲ್ಲು ಪಾವತಿಗೆ ಮುನ್ನ ಇದನ್ನು ಲಿಖಿತವಾಗಿ ಕೇಳಿ ಪಡೆಯುವುದು ನನ್ನ ದೃಷ್ಟಿಯಲ್ಲಿ ಬಣ್ಣದ ಆಯ್ಕೆಗಿಂತ ಮುಖ್ಯ.

ಪರಿಶೀಲನೆಗೆ ಮಾನ್ಯ ಸದಸ್ಯರಿಗೆ ತಾಂತ್ರಿಕ ಜ್ಞಾನ ಬೇಕಿಲ್ಲ. ಕಚೇರಿಯ ಗಣಕದಲ್ಲಿ ಪುಟವನ್ನು ತೆರೆದು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿಸಿ. ಪುಟದ ಮೂಲ ಬರಹ ಕಾಣುತ್ತದೆ. ಅದರಲ್ಲಿ ಪಿಎಚ್‌ಪಿ ಎಂಬ ಆರಂಭದ ಗುರುತು ಕಂಡರೆ ಸಂಕೇತವು ಸೋರುತ್ತಿದೆಯೆಂದು ತಿಳಿದು ಕೂಡಲೇ ಗುಪ್ತಪದವನ್ನು ಬದಲಿಸಬೇಕು. ಅನಂತರ ತಾಣದ ದತ್ತಾಂಶದಲ್ಲಿ ಒಂದು ಕರ ರಸೀದಿಯನ್ನು ದಾಖಲಿಸಿ ಪುಟವನ್ನು ಮತ್ತೆ ತೆರೆಯಿಸಿ. ವಸೂಲಿಯ ಮೊತ್ತ ಬದಲಾಗದಿದ್ದರೆ, ಆ ಅಂಕಿಯನ್ನು ಕೈಯಿಂದ ಬೆರಳಚ್ಚು ಮಾಡಿರುವ ಸಾಧ್ಯತೆಯೇ ಹೆಚ್ಚು. ತಯಾರಕರಿಂದ ವಿವರಣೆ ಪಡೆಯತಕ್ಕದ್ದು.